ಮೀನು ಯಾರ ಕಂಟಕವನ್ನೂ ಹೊರುವುದಿಲ್ಲ





ಉದಾನ ಎಂಬ ಪಾಲಿ ಗ್ರಂಥದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಭಗವಾನ್ ಬುದ್ಧರು ಬೆಳಿಗ್ಗೆ ಭಿಕ್ಷೆಗೆಂದು ಸಾವತ್ಥಿಯ ಕಡೆ ಹೊರಟಿದ್ದಾರೆ. ಜೇತವನಕ್ಕೂ ಊರಿಗೂ ನಡುವೆ ಒಂದಷ್ಟು ಹುಡುಗರು ಮೀನುಗಳಿಗೆ ಹಿಂಸೆ ಕೊಡುತ್ತಾ ಆಡುತ್ತಿದ್ದಾರೆ. ಬುದ್ಧರು ಅವರ ಹತ್ತಿರ ಹೋಗಿ ಮೊದಲು ಕೇಳಿದ್ದು ಒಂದು ಪ್ರಶ್ನೆ. ಮಕ್ಕಳೇ, ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಬೇಡವೇ ಎಂದು. ಹೌದು ಭಂತೇ ಅಂದವು ಮಕ್ಕಳು. ಹಾಗಿದ್ದರೆ ಕೆಟ್ಟದ್ದನ್ನು ಎದುರಲ್ಲೂ ಮಾಡಬೇಡಿ, ಮರೆಯಲ್ಲೂ ಮಾಡಬೇಡಿ ಅಂದರು ಬುದ್ಧರು.

ಆ ಹುಡುಗರ ಹಿಂಸೆ ಕಣ್ಣಿಗೆ ಕಾಣುವಂಥದ್ದು. ನಮ್ಮ ಮನೆಗಳ ಗಾಜಿನ ತೊಟ್ಟಿಯಲ್ಲಿ ನಡೆಯುವುದು ಕಾಣುವುದಿಲ್ಲ. ಅಲ್ಲಿ ಯಾರೂ ಬೇಕೆಂದು ಮೀನನ್ನು ನೋಯಿಸುವುದಿಲ್ಲ, ಪ್ರೀತಿಯಿಂದಲೇ ತಂದಿರುತ್ತಾರೆ. ಆದರೂ ಮೀನು ಸಾಯುತ್ತದೆ. ಸತ್ತ ಮೇಲೆ ನಾವು ಹೇಳಿಕೊಳ್ಳುವ ಕಾರಣ ಯಾವುದು? ಇಂದಿನ ಮಾತು ಅದರ ಬಗ್ಗೆ.

ಕಳೆದ ವಾರ ನಮ್ಮ ಬಳಗದ ಒಬ್ಬ ತಂಗಿ ಫೋನ್ ಮಾಡಿದ್ದರು. ಅವರ ಮಗನಿಗೆ ಹತ್ತು ವರ್ಷ. ಹುಟ್ಟುಹಬ್ಬಕ್ಕೆ ಒಂದು ದುಂಡನೆಯ ಗಾಜಿನ ಬೋಗುಣಿ, ಎರಡು ಗೋಲ್ಡ್ ಫಿಶ್ ತಂದುಕೊಟ್ಟಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಹುಡುಗನಿಗೆ ಜೋರು ಜ್ವರ. ನಾಲ್ಕನೇ ದಿನ ಒಂದು ಮೀನು ಸತ್ತಿತು. ಅದೇ ದಿನ ಸಂಜೆ ಜ್ವರವೂ ಇಳಿಯಿತು. ನೋಡಲು ಬಂದಿದ್ದ ಹಿರಿಯರೊಬ್ಬರು "ಮಗುವಿನ ಮೇಲಿದ್ದ ಕಂಟಕವನ್ನು ಮೀನು ತಗೊಂಡು ಹೋಯ್ತು, ಒಳ್ಳೇದಾಯ್ತು ಬಿಡು" ಅಂದರು. ಮನೆಯವರಿಗೆ ಸಮಾಧಾನವಾಯಿತು. ಹುಡುಗನಿಗೆ ಮಾತ್ರ ಆಗಲಿಲ್ಲ. ರಾತ್ರಿ ತಾಯಿಯ ಹತ್ತಿರ ಬಂದು, "ಅಮ್ಮಾ, ನನ್ನಿಂದ ಅದು ಸತ್ತೋಯ್ತಾ?" ಎಂದು ಕೇಳಿದನಂತೆ.

ಬಂಧುಗಳೇ, ಈ ನಂಬಿಕೆ ಎಷ್ಟು ಮನೆಗಳಲ್ಲಿದೆ ಎಂದು ನಿಮಗೆಲ್ಲ ಗೊತ್ತು. ವಾಸ್ತು ಪ್ರಕಾರ ಇಂಥ ಮೂಲೆಯಲ್ಲಿ ತೊಟ್ಟಿ ಇಡಬೇಕು, ಇಷ್ಟು ಬಂಗಾರದ ಬಣ್ಣದ ಮೀನು, ಜೊತೆಗೊಂದು ಕಪ್ಪು ಮೀನು ಇರಬೇಕು, ಆ ಕಪ್ಪು ಮೀನು ದೃಷ್ಟಿಯನ್ನು ಎಳೆದುಕೊಳ್ಳುತ್ತದೆ. ಅದು ಸತ್ತರೆ ಅಳಬಾರದು, ಇನ್ನೊಂದು ತಂದು ಹಾಕಬೇಕು. ದೀಕ್ಷೆ ತೆಗೆದುಕೊಂಡು, 22 ಪ್ರತಿಜ್ಞೆ ಹೇಳಿ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಹಾಕಿದ ಮನೆಗಳಲ್ಲೂ ಈ ತೊಟ್ಟಿಯನ್ನು ನಾನು ನೋಡಿದ್ದೇನೆ. ದೇವರ ಕೋಣೆ ಹೋಯಿತು, ಈಶಾನ್ಯ ಮೂಲೆ ಉಳಿಯಿತು.

ಇದನ್ನು ನಾನು ಸಣ್ಣ ವಿಷಯ ಎಂದುಕೊಳ್ಳುವುದಿಲ್ಲ. ಒಬ್ಬರ ಕಂಟಕವನ್ನು ಇನ್ನೊಂದು ಜೀವದ ಮೇಲೆ ದಾಟಿಸಬಹುದು ಎಂಬ ಯೋಚನೆಯ ಕಹಿ ಉಂಡವರು ನಮ್ಮ ಜನ. ದಕ್ಷಿಣ ಕನ್ನಡ, ಉಡುಪಿ ಕಡೆಯ ಕೊರಗ ಸಮುದಾಯದ ಅಜಲು ಪದ್ಧತಿ ಕೇಳಿದ್ದೀರಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ತಮ್ಮ ಮನೆಯ ರೋಗ, ಪೀಡೆ ಅವರ ಮೇಲೆ ಹೋಗುತ್ತದೆ ಎಂಬ ನಂಬಿಕೆ. ಅದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಮನುಷ್ಯರನ್ನು ಹೀಗೆ ಪೀಡೆ ಸುರಿಯುವ ಪಾತ್ರೆ ಮಾಡಿದ್ದಕ್ಕೆ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಅದೇ ನಾವು ಮನೆಯ ಹಾಲ್‌ನಲ್ಲಿ ಮೀನನ್ನು ಅದೇ ಪಾತ್ರೆ ಮಾಡಿ ಇಟ್ಟುಕೊಂಡರೆ? ಕೊರಗರ ನೋವೂ ಮೀನಿನ ಸಾವೂ ಒಂದೇ ತೂಕದ್ದು ಎಂದು ನಾನು ಹೇಳುತ್ತಿಲ್ಲ. ಎರಡರ ಹಿಂದಿರುವ ತರ್ಕ ಒಂದೇ ಎನ್ನುತ್ತಿದ್ದೇನೆ. ಮಗುವೊಂದು ಅದನ್ನು ಮನೆಯಲ್ಲೇ ಕಲಿತರೆ ಮುಂದೆ ಎಲ್ಲಿ ಬಳಸುತ್ತದೋ ಯಾರಿಗೆ ಗೊತ್ತು.

ಹಾಗಾದರೆ ಮೀನು ಸತ್ತಿದ್ದು ಯಾಕೆ? ನಾನು ಸುಮಾರು ವರ್ಷಗಳಿಂದ ಮನೆಯಲ್ಲಿ ಮೀನು ಸಾಕುತ್ತಿರುವವನು, ಹಾಗಾಗಿ ತಂಗಿಯ ಹತ್ತಿರ ಪೊಲೀಸರ ಹಾಗೆ ವಿಚಾರಣೆ ಮಾಡಿದೆ. ಬೋಗುಣಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ಒಂದು ಬಿಂದಿಗೆಗಿಂತ ಕಡಿಮೆ. ಫಿಲ್ಟರ್? ಇಲ್ಲ. ನೀರು ಬದಲಾಯಿಸುವುದು? ಭಾನುವಾರ ಪೂರ್ತಿ ಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆದು, ನಲ್ಲಿ ನೀರು ತುಂಬುವುದು. ಜ್ವರದ ವಾರ? ಅದನ್ನು ಯಾರೂ ಮುಟ್ಟಲಿಲ್ಲ. ಆದರೆ ಮಗುವನ್ನು ನೋಡಲು ಬಂದವರೆಲ್ಲ ಬೋಗುಣಿ ಮುಂದೆ ನಿಂತು ಒಂದೊಂದು ಚಿಟಿಕೆ ಆಹಾರ ಹಾಕಿದರು. ಒಬ್ಬರು ಬಿಸ್ಕೆಟ್ ಪುಡಿಯನ್ನೂ ಹಾಕಿದರು.

ಇಷ್ಟು ಸಾಕು. ಜ್ವರಕ್ಕೂ ಮೀನಿನ ಸಾವಿಗೂ ಸಂಬಂಧ ಇತ್ತು, ನಿಜ. ಅದು ಬಂದವರ ಕೈಯ ಚಿಟಿಕೆಯಲ್ಲಿತ್ತು.

ಮೀನು ಉಸಿರಾಡುವ ಕಿವಿರಿನ ಮೂಲಕವೇ ಅಮೋನಿಯಾ ಎಂಬ ವಿಷವನ್ನು ಹೊರಹಾಕುತ್ತದೆ. ಅದರ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯಾ. ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಅದು ಇರಬಹುದು. ಕೆರೆಯಲ್ಲಾದರೆ ಕೋಟಿಗಟ್ಟಲೆ ಲೀಟರ್ ನೀರಿನಲ್ಲಿ ಅದು ತೆಳುವಾಗಿ ಹೋಗುತ್ತದೆ. ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ಸಣ್ಣ ತೊಟ್ಟಿ ಸಾಕುವುದು ಸುಲಭ ಎಂದು ಅಂಗಡಿಯವರು ಹೇಳುತ್ತಾರೆ, ವಾಸ್ತವದಲ್ಲಿ ದೊಡ್ಡದಕ್ಕಿಂತ ಸಣ್ಣದೇ ಕಷ್ಟ. ನೀರು ಬೆಚ್ಚಗಿದ್ದಷ್ಟೂ, ಕ್ಷಾರ ಹೆಚ್ಚಿದ್ದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೆಯತೊಡಗಿದರೆ ಅದು ಆಟವಲ್ಲ, ಉಸಿರು ಸಿಕ್ಕದೆ ಒದ್ದಾಡುತ್ತಿದೆ.

ಪ್ರಕೃತಿಯಲ್ಲಿ ಈ ವಿಷವನ್ನು ಕಳೆಯುವವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ, ಇದರಿಂದ ಅಷ್ಟು ತೊಂದರೆಯಿಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ವಾಸಿಸುವುದು ಫಿಲ್ಟರ್‌ನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ತಂಗಿ ಪ್ರತಿ ಭಾನುವಾರ ಶ್ರದ್ಧೆಯಿಂದ ಉಜ್ಜಿ ತೊಳೆಯುತ್ತಿದ್ದುದು ಅವುಗಳನ್ನೇ! ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಇದು ಇದ್ದರೆ ಅದು ಇರುತ್ತದೆ, ಇದು ಇಲ್ಲದಿದ್ದರೆ ಅದೂ ಇಲ್ಲ. ಪಟಿಚ್ಚ ಸಮುಪ್ಪಾದ ಎಂದು ನಾವು ಭಾನುವಾರ ಪಾಠದಲ್ಲಿ ಓದುವುದು ಇದನ್ನೇ. ಪುಸ್ತಕದಲ್ಲಿ ಹನ್ನೆರಡು ಕೊಂಡಿಗಳನ್ನು ಬಾಯಿಪಾಠ ಮಾಡಿ, ಮನೆಯಲ್ಲಿ ಮೀನು ಸತ್ತಾಗ ದೃಷ್ಟಿ ಅಂದರೆ ಆ ಪಾಠ ಎಲ್ಲಿ ಹೋಯಿತು?

"ಅದರ ಕರ್ಮ, ಅಷ್ಟೇ ಆಯುಷ್ಯ" ಎನ್ನುವವರೂ ಇದ್ದಾರೆ. ಇದು ಕೇಳಲು ಬೌದ್ಧ ಮಾತಿನ ಹಾಗಿದೆ, ಅದಕ್ಕೇ ಹೆಚ್ಚು ಅಪಾಯ. 1957ರಲ್ಲಿ, ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದಿಂದ ಇಂದಿನ ದುಃಖವನ್ನು ವಿವರಿಸುವುದನ್ನು ಒಪ್ಪಲಿಲ್ಲ. ಯಾಕೆ ಎಂದು ನಮಗೆ ಬೇರೆ ಹೇಳಬೇಕಿಲ್ಲ. ಕೇರಿಯಲ್ಲಿ ಹುಟ್ಟಿದ್ದು ನಿನ್ನ ಕರ್ಮ ಎಂದು ನಮ್ಮ ಅಜ್ಜಂದಿರಿಗೆ ಹೇಳಿದವರು ಬಾವಿಯ ನೀರು ಯಾರ ಕೈಯಲ್ಲಿದೆ ಎಂಬ ಮಾತನ್ನೇ ಎತ್ತಲಿಲ್ಲ. ನೀರು ಕೆಟ್ಟಿದ್ದಾಗ ಮೀನಿನ ಹಣೆಬರಹ ಓದುವುದು ಅದೇ ಹಳೆಯ ಚಾಳಿ.

ನೀರಿನ ಮಾತು ಬಂತು, ಮಹಾಡ್ ನೆನಪಾಗುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದ ಮೇಲೆ ಸನಾತನಿಗಳು ಗಂಜಲ, ಸಗಣಿ ಬೆರೆಸಿದ ಪಂಚಗವ್ಯವನ್ನು ಕೊಡಗಳಲ್ಲಿ ತಂದು ಆ ಕೆರೆಗೆ ಸುರಿದು ಶುದ್ಧಿ ಮಾಡಿದರು. ಇಲ್ಲದ ಮೈಲಿಗೆಯನ್ನು ತೆಗೆಯಲು ನಿಜವಾದ ಕೊಳೆಯನ್ನು ಸುರಿದರು. ಮುಟ್ಟಿದ್ದರಿಂದ ಆದ ಮೈಲಿಗೆಯನ್ನು ಅಳೆಯುವ ಸಾಧನ ಜಗತ್ತಿನಲ್ಲಿ ಇಲ್ಲ. ಅಮೋನಿಯಾ ಅಳೆಯುವ ಕಿಟ್ ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಹನಿಗಳ ಕಿಟ್‌ನಲ್ಲಿ ನೀರು ಹಳದಿಯಾಗೇ ಉಳಿದರೆ ವಿಷವಿಲ್ಲ, ಹಸಿರು ಏರಿದಷ್ಟೂ ವಿಷ ಹೆಚ್ಚು. ಯಾವ ಜಾತಿಯವರು ಹನಿ ಹಾಕಿದರೂ ಅದೇ ಬಣ್ಣ.

ಮೀನು ತಿನ್ನುವ ನಾವು ಮೀನಿನ ಆರೋಗ್ಯದ ಉಪದೇಶ ಮಾಡುವುದೇ ಎಂದು ಯಾರೋ ನಗುತ್ತಿರಬಹುದು. ನನ್ನ ಮನೆಯಲ್ಲೂ ಮೀನು ಸಾರು ಮಾಡುತ್ತೇವೆ. ಅಹಿಂಸೆಯನ್ನು ಬಾಬಾಸಾಹೇಬರು ಕಟ್ಟುನಿಟ್ಟಿನ ನಿಯಮವಾಗಿ ನೋಡಲಿಲ್ಲ, ತತ್ವವಾಗಿ ನೋಡಿದರು. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ಹೇಳಿದರು. ಅಂದಕ್ಕೆಂದು ತಂದು, ಗೊತ್ತುಮಾಡಿಕೊಳ್ಳುವ ಶ್ರಮ ಬೇಡವೆಂದು ನಿಧಾನವಾಗಿ ಸಾಯಲು ಬಿಡುವುದರಲ್ಲಿ ಯಾವ ಅಗತ್ಯವೂ ಇಲ್ಲ. ಹಾಗೆಂದು ಬೇಸರವಾಗಿ ಮೀನನ್ನು ಕೆರೆಗೆ ಬಿಟ್ಟುಬಿಡುವುದೂ ಪುಣ್ಯದ ಕೆಲಸವಲ್ಲ. ಅಂಗಡಿಯ ಸಕ್ಕರ್ ಮೀನು ಹೀಗೇ ನಮ್ಮ ದೇಶದ ಕೆರೆಗಳಿಗೆ ಸೇರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ನೋಡಿ, ಇದು ನಿಜವಾದ ಕಂಟಕ.

ತಂಗಿಗೆ ಹೇಳಿದ್ದನ್ನು ಉಳಿದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಗೋಲ್ಡ್ ಫಿಶ್ ಬೋಗುಣಿಯ ಮೀನಲ್ಲ. ಚೆನ್ನಾಗಿ ನೋಡಿಕೊಂಡರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಉಳಿದ ಒಂದನ್ನು ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಅಲ್ಲಿಯವರೆಗೆ ದಿನಾ ಕಾಲು ಭಾಗ ನೀರು ಮಾತ್ರ ಬದಲಿಸಿ, ಪೂರ್ತಿ ಚೆಲ್ಲಬೇಡಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಔಷಧದ ಹನಿ ಹಾಕಿ, ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೂ ಬರಿಯ ಕ್ಲೋರಿನ್ ಹೋಗುತ್ತದೆ. ಮುಂದೆ ಸಾಕುವುದಾದರೆ ಕನಿಷ್ಠ ನಲವತ್ತು ಲೀಟರಿನ ಚೌಕ ತೊಟ್ಟಿ, ಒಂದು ಸ್ಪಂಜ್ ಫಿಲ್ಟರ್, ನಾಲ್ಕೈದು ಗಪ್ಪಿ ಸಾಕು. ಗಂಡುಗಳನ್ನೇ ತನ್ನಿ, ಇಲ್ಲದಿದ್ದರೆ ಮೂರು ತಿಂಗಳಲ್ಲಿ ತೊಟ್ಟಿ ಜಾತ್ರೆಯಾಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಂದು ದಿನ ಏನೂ ಹಾಕದಿದ್ದರೂ ಅವಕ್ಕೆ ಒಳ್ಳೆಯದೇ, ನಮ್ಮ ಮನೆಯಲ್ಲಿ ಅದಕ್ಕೆ ಮೀನಿನ ಉಪೋಸಥ ಅನ್ನುತ್ತೇವೆ.

ಹುಡುಗನ ಪ್ರಶ್ನೆಗೆ ಇವತ್ತೇ ಉತ್ತರ ಕೊಡಿ ಎಂದೆ. ಇಲ್ಲ ಮಗಾ, ನಿನ್ನಿಂದ ಅಲ್ಲ, ನೀರು ಕೆಟ್ಟಿತ್ತು, ಹೇಗೆ ಕೆಟ್ಟಿತು ಅಂತ ಇಬ್ಬರೂ ಸೇರಿ ನೋಡೋಣ ಬಾ ಎಂದು ಕೂರಿಸಿಕೊಳ್ಳಿ. ಕಿಟ್‌ನ ಹನಿ ಅವನ ಕೈಯಲ್ಲೇ ಹಾಕಿಸಿ, ಬಣ್ಣವನ್ನು ಅವನೇ ಓದಲಿ. ಕಿಟ್‌ಗೆ ಸ್ವಲ್ಪ ಹಣವಾಗುತ್ತದೆ, ಬಳಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಈ ಭಾನುವಾರ ವಿಹಾರಕ್ಕೆ ಬರುವಾಗ ತನ್ನಿ. ತಂಗಿ ಒಂದು ಬಾಟಲಿಯಲ್ಲಿ ನೀರು ತರುತ್ತಾರೆ.

ಜೈ ಭೀಮ್.