ಸಭಿಕನ ಧರ್ಮ

ಒಬ್ಬನೇ ಮನುಷ್ಯನು ಎರಡು ವೃತ್ತಿಗಳನ್ನು ಹಿಡಿಯುವುದು ಯುಕ್ತವೇ ಎಂಬ ಹಳೆಯ ಪ್ರಶ್ನೆಯು ಈಚೆಗೆ ಹೊಸ ವೇಷದಲ್ಲಿ ಬಂದಿದೆ. ಗಣಕಯಂತ್ರದ ತೆರೆಯ ಮೇಲೆ ಚಿತ್ರ ಬರೆದು ಜೀವನ ನಡೆಸುವ ತರುಣರಲ್ಲಿ ಕೆಲವರು, ಸಂಜೆಯಾದೊಡನೆ ಅದೇ ಬಗೆಯ ತೆರೆಯ ಮೇಲೆ ಆಡುವ ವಿಡಿಯೋ ಆಟಗಳಿಗೆ ಪಂದ್ಯ ಕೂಡಿಸುತ್ತಾರೆ. ಜೋಡಿ ಕಟ್ಟುತ್ತಾರೆ, ಜಗಳ ಬಿಡಿಸುತ್ತಾರೆ, ತೀರ್ಪು ಹೇಳುತ್ತಾರೆ. ಚಿತ್ರಕ್ಕೆ ಏಕಾಂತ ಬೇಕು, ಪಂದ್ಯಕ್ಕೆ ಜನಜಂಗುಳಿ. ಎರಡನ್ನೂ ಹಿಡಿದವನು ಎರಡನ್ನೂ ಕೆಡಿಸುವನೆಂದು ಹಿರಿಯರು ಆಕ್ಷೇಪಿಸುವುದುಂಟು. ಈ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ಹಗಲು ಪಾಠ ಹೇಳಿ ಇರುಳು ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಉಪಾಧ್ಯಾಯರು ನಮ್ಮಲ್ಲಿ ಎಷ್ಟು ಮಂದಿ! ಅದಲ್ಲದೆ, ಈ ಸೆಣಸಾಟಗಳಲ್ಲಿ ಕ್ಷಣಕ್ಕೆ 60 ಚಿತ್ರಗಳು ಸರಿದುಹೋಗುತ್ತವೆ. ಎದುರಾಳಿಯ ಹೆಗಲು ತುಸು ವಾಲಿದ್ದನ್ನು ಕಂಡೇ ಆಟಗಾರನು ಬರಲಿರುವ ಏಟನ್ನು ಅರಿಯುತ್ತಾನೆ. ಚಿತ್ರವನ್ನು ಇಷ್ಟು ಕೂಲಂಕಷವಾಗಿ ಓದುವ ರಸಿಕರು ಚಿತ್ರಕಾರನಿಗೆ ಬೇರೆಲ್ಲಿ ದೊರೆತಾರು?

ವಿಚಾರಿಸಬೇಕಾದುದು ಬೇರೊಂದಿದೆ. ತೀರ್ಪು ಹೇಳುವವನ ಅನ್ನವು ಎಲ್ಲಿಂದ ಬರುತ್ತದೆ?

ಇಂದು ಸಭಿಕನೆಂದರೆ ಸಭೆಯಲ್ಲಿ ಕುಳಿತು ಕೇಳುವವನು. ಧರ್ಮಶಾಸ್ತ್ರಗಳಲ್ಲಾದರೋ ಆ ಶಬ್ದಕ್ಕೆ ಜೂಜಿನ ಸಭೆಯನ್ನು ನಡೆಸುವವನೆಂದರ್ಥ. (ಅರ್ಥವು ಹೀಗೆ ಸೌಮ್ಯವಾದುದು ನಮ್ಮ ಸಭೆಗಳ ಪುಣ್ಯ.) ಯಾಜ್ಞವಲ್ಕ್ಯಸ್ಮೃತಿಯು ಅವನಿಗೆ ನೂರಕ್ಕೆ 5 ಅಥವಾ 10ರಂತೆ ಪಾಲನ್ನು ವಿಧಿಸುತ್ತದೆ. ಕೌಟಿಲ್ಯನು ಇನ್ನೂ ಎಚ್ಚರದವನು. ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕು, ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು, ಬದಲಿಸಿದವನಿಗೆ ದಂಡ ಎನ್ನುತ್ತಾನೆ. ಪಾಲುಳ್ಳ ಸಭಿಕನು ಪಣವು ಬೆಳೆಯಲೆಂದೇ ಬಯಸುವನಷ್ಟೆ. ಹೀಗಿರುವಲ್ಲಿ, ಕುಂಚದಿಂದ ಉಣ್ಣುವವನು ಪಂದ್ಯ ನಡೆಸುವುದು ದೋಷವಾಗುವುದಿರಲಿ, ಪಂದ್ಯಕ್ಕೆ ಅದೊಂದು ರಕ್ಷೆಯೇ ಆಗುತ್ತದೆ. ಗೆದ್ದವನ ಕೈ ನೋಡಬೇಕಾದ ಗತಿ ಅವನಿಗಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1996ರಲ್ಲಿ ಕೆಲವರು ಗೆಳೆಯರು ಕೂಡಿ ಆರಂಭಿಸಿದ ಪಂದ್ಯವೇ ಮುಂದೆ 'ಇವೋ' ಎಂದು ಲೋಕಪ್ರಸಿದ್ಧವಾಯಿತು. ಅವರಲ್ಲೊಬ್ಬರಾದ ಟೋನಿ ಕ್ಯಾನನ್ ಚಿತ್ರಕಾರರಲ್ಲ, ತಂತ್ರಾಂಶ ಬರೆಯುವವರು. ಆದರೂ ಸ್ವಂತ ಕಸಬು ಪಂದ್ಯಕ್ಕೆ ಒದಗಿದ ಬಗೆಯನ್ನು ಅವರಲ್ಲಿ ನೋಡಬಹುದು. ದೂರದ ಆಟಗಾರರು ತಡೆಯಿಲ್ಲದೆ ಸೆಣಸುವಂತೆ ಅವರು 2006ರಲ್ಲಿ ಜಿಜಿಪಿಒ ಎಂಬುದನ್ನು ರಚಿಸಿದರು. 2019ರಲ್ಲಿ ಅದರ ಮೂಲವು ಸರ್ವರಿಗೂ ಮುಕ್ತವಾಯಿತು. 2013ರ ಇವೋದಲ್ಲಿ ಇನ್ನೊಂದು ಆಟವನ್ನು ಸೇರಿಸುವ ಪ್ರಸಂಗ ಬಂದಾಗ, ಸ್ತನದ ಅರ್ಬುದರೋಗದ ಸಂಶೋಧನೆಗೆ ಯಾವ ಆಟದವರು ಹೆಚ್ಚು ದಾನ ಕೂಡಿಸುವರೋ ಅದಕ್ಕೇ ಸ್ಥಾನವೆಂದಾಯಿತು. ನಿಂಟೆಂಡೋ ಸಂಸ್ಥೆಯ ಮೀಲೀ ಎಂಬ ಆಟದವರು 94,000 ಡಾಲರಿಗೂ ಮಿಕ್ಕು ಕೂಡಿಸಿ ಗೆದ್ದರು. ಎರಡನೆಯದಾಗಿ ನಿಂತ ಸ್ಕಲ್‌ಗರ್ಲ್ಸ್ ಆಟದ ಪಾತ್ರಗಳು, ಚಿತ್ರಕಾರರು ಒಂದೊಂದು ಭಂಗಿಯನ್ನೂ ಕೈಯಿಂದಲೇ ಬರೆದು ಚಲನೆ ಕೊಟ್ಟಂಥವು. ಇಷ್ಟಾದ ಮೇಲೆ ನಿಂಟೆಂಡೋ ಮೀಲೀ ಪಂದ್ಯದ ಪ್ರಸಾರವನ್ನು ತಡೆಯಿತು. ಜನರು ಕೂಗೆಬ್ಬಿಸಲು ಕೆಲವೇ ಗಂಟೆಗಳಲ್ಲಿ ಒಪ್ಪಿತು.

ನನ್ನ ಶಂಕೆಯ ಬೇರು ಇಲ್ಲಿಯೇ ಇದೆ. ಚದುರಂಗಕ್ಕೆ ಒಡೆಯನಿಲ್ಲ, ಕಬಡ್ಡಿಗೂ ಇಲ್ಲ. ಈ ಆಟಗಳಿಗೆ ಒಡೆಯರಿದ್ದಾರೆ, ಚಿತ್ರ ಬರೆಸುವವರೂ ಅವರೇ. ಸಂಘಟಕನು ಅವರ ಸಂಬಳದಿಂದ ಪಾತ್ರಗಳನ್ನು ಬರೆದವನಾದರೆ, ಮರುದಿನ ಆಟಗಾರರಿಗೂ ಒಡೆಯನಿಗೂ ವ್ಯಾಜ್ಯ ಬಂದಾಗ ಯಾರ ಪಕ್ಕದಲ್ಲಿ ನಿಲ್ಲುವನು? ನಮ್ಮ ದೇಶದ 2025ರ ಕಾಯಿದೆಯು ಹಣವನ್ನೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಮನ್ನಿಸಿತು. ಅದರಲ್ಲಿ ಪ್ರವೇಶಶುಲ್ಕಕ್ಕೂ ಬಹುಮಾನಕ್ಕೂ ಎಡೆಯುಂಟು, ಪಣಕ್ಕಿಲ್ಲ. ಸ್ಮೃತಿಯ ಸಭಿಕನ ಪಾಲು ಇದರಿಂದ ತಪ್ಪಿತು. ಚಿತ್ರದ ಸಂಬಳವಾದರೋ ಪಣವೆನಿಸುವುದಿಲ್ಲ. ಅದರ ಲೆಕ್ಕವು ಚಿತ್ರಕಾರನ ಮನಸ್ಸಾಕ್ಷಿಗೇ ಉಳಿಯಿತು. ಅಂಥವನು ಯಾರ ಹಣಕ್ಕೆ ಚಿತ್ರ ಬರೆದನೆಂಬುದನ್ನು ಜೋಡಿ ಕಟ್ಟುವ ಮುನ್ನವೇ ಆಟಗಾರರಿಗೆ ತಿಳಿಸಿ, ಆ ಒಂದು ಆಟದ ಮಟ್ಟಿಗೆ ತೀರ್ಪಿನ ಪೀಠವನ್ನು ಮತ್ತೊಬ್ಬರಿಗೆ ಬಿಡುವುದು ಲೇಸೆಂದು ನನಗೆ ತೋರುತ್ತದೆ. ಭಿತ್ತಿಪತ್ರವನ್ನು ಬೇಕಾದರೆ ಬರೆಯಲಿ, ಕುರ್ಚಿಗಳನ್ನು ಜೋಡಿಸಲಿ. ಮಿಕ್ಕ ಆಟಗಳಿಗೆ ಪೀಠದಲ್ಲಿ ಅವನೇ ಕುಳಿತುಕೊಳ್ಳಲಿ.