ಎಸೆಯದೆ ಉಳಿದ ಬಾಂಬು

1905ರ ಫೆಬ್ರವರಿ 2, ರಷ್ಯದ ಹಳೆಯ ಪಂಚಾಂಗದ ಲೆಕ್ಕದಲ್ಲಿ. ಸಂಜೆ ಮಾಸ್ಕೋದ ಬೊಲ್ಶೊಯ್ ರಂಗಮಂದಿರಕ್ಕೆ ಹೊರಟ ಸಾರೋಟಿನತ್ತ ಕ್ರಾಂತಿಕಾರಿ ಪಕ್ಷವೊಂದರ ಇವಾನ್ ಕಲ್ಯಾಯೆವ್ ನುಗ್ಗಿದ. ಬಾಂಬು ಹಿಡಿದ ಕೈ ಎತ್ತಿದವನು ಹಾಗೇ ಇಳಿಸಿಬಿಟ್ಟ. ಒಳಗೆ ತ್ಸಾರನ ಚಿಕ್ಕಪ್ಪ ಸೆರ್ಗೆಯ್ ಜೊತೆ ಹೆಂಡತಿ ಎಲಿಜವೆಟಾ, ತಮ್ಮನ ಇಬ್ಬರು ಮಕ್ಕಳು ಕೂತಿದ್ದರು.

1891ರಲ್ಲಿ ಯಹೂದಿಗಳನ್ನು ಮಾಸ್ಕೋದಿಂದ ಹೊರಹಾಕಿಸಿದ್ದ ಸೆರ್ಗೆಯ್‌ನನ್ನು ಕೊಲ್ಲುವುದು ಧರ್ಮವೇ ಎಂದು ಕಲ್ಯಾಯೆವ್ ನಂಬಿದ್ದ. ಮಕ್ಕಳನ್ನು ಕೊಲ್ಲಲಾರ, ಅಷ್ಟೇ. ಹಾಗೆಂದು ಅವನನ್ನು ಸಂತನಾಗಿಸುವ ಅವಸರ ಬೇಡ. ಪಕ್ಷ ಹೇಳಿದರೆ ಹಿಂತಿರುಗುವ ದಾರಿಯಲ್ಲೇ ಎಸೆಯಲು ಸಿದ್ಧನೆಂದು ಅದೇ ರಾತ್ರಿ ಹೇಳಿದನಂತೆ. ಅವನ ಸಂಗಾತಿ ಸಾವಿನ್ಕೊವ್ ಇದನ್ನು ಬರೆದಿಟ್ಟಿದ್ದಾನೆ. ತನ್ನ ಅಂತಃಸಾಕ್ಷಿಯನ್ನೂ ಮತಕ್ಕೆ ಹಾಕಬಲ್ಲವನನ್ನು ಏನೆನ್ನುವುದು? ಸಂಗಾತಿಗಳು ಬೇಡವೆಂದರು.

ಎರಡೇ ದಿನ. ಕಲ್ಯಾಯೆವ್ ಎಸೆದ ಬಾಂಬಿಗೆ ಕ್ರೆಮ್ಲಿನ್‌ನೊಳಗೆ ಸೆರ್ಗೆಯ್‌ನ ಸಾರೋಟು ಚೂರಾಯಿತು. ಎಲಿಜವೆಟಾ ಹಿಮದಲ್ಲಿ ಮಂಡಿಯೂರಿ ಗಂಡನ ದೇಹದ ತುಂಡುಗಳನ್ನು ಕೈಯಾರೆ ಆಯ್ದಳು. ಆಮೇಲೆ ಸೆರೆಮನೆಗೆ ಹೋಗಿ ಹಂತಕನ ಎದುರು ಕೂತು ಒಂದು ಪುಟ್ಟ ಪೂಜಾಚಿತ್ರ ಕೊಟ್ಟಳು. ಅವನು ತೆಗೆದುಕೊಂಡ, ಕ್ಷಮಾದಾನ ಮಾತ್ರ ಬೇಡಲಿಲ್ಲ. ಪಶ್ಚಾತ್ತಾಪಪಟ್ಟರೆ ಮಾಡಿದ ಕೆಲಸವೇ ಸುಳ್ಳಾಗುತ್ತದೆಂಬ ತರ್ಕ. ಮೇ ತಿಂಗಳಲ್ಲಿ ಗಲ್ಲಾಯಿತು.

ಎಲಿಜವೆಟಾ ಮಾಸ್ಕೋದಲ್ಲಿ ಮಠ ಕಟ್ಟಿ ರೋಗಿಗಳ ಸೇವೆಗೆ ನಿಂತಳು. 1918ರಲ್ಲಿ ಬೊಲ್ಶೆವಿಕರು ಅವಳನ್ನು ಅಲಪಾಯೆವ್ಸ್ಕ್ ಬಳಿ ಗಣಿಗುಂಡಿಗೆ ತಳ್ಳಿದರು. ಸಾರೋಟಿನಲ್ಲಿ ಉಳಿದ ಮಕ್ಕಳಲ್ಲಿ ಹುಡುಗ ದ್ಮಿತ್ರಿ. 1916ರ ಡಿಸೆಂಬರಿನಲ್ಲಿ ತ್ಸಾರನ ಕುಟುಂಬಕ್ಕೆ ಆಪ್ತನಾಗಿದ್ದ ರಾಸ್ಪುಟಿನ್‌ನನ್ನು ಮುಗಿಸಿದ ಗುಂಪಿನಲ್ಲಿ ಅವನೂ ಇದ್ದ.