ಅತಿಥಿ ಅಳೆದ ಬಾವಿ

ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಮರುಭೂಮಿಯ ನಡುವೆ ಅಝ್ರಕ್ ಎಂಬ ಊರಿದೆ. ಅಝ್ರಕ್ ಎಂದರೆ ಅರಬಿಯಲ್ಲಿ ನೀಲಿ. ಬುಗ್ಗೆಗಳಿಂದ ತುಂಬುತ್ತಿದ್ದ ಅಲ್ಲಿನ ಕೊಳಗಳಿಗೆ ವಲಸೆ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. 1977ರಲ್ಲಿ ಆ ತೇವಭೂಮಿ ರಾಮ್ಸಾರ್ ಪಟ್ಟಿಗೆ ಸೇರಿತು. 1980ರ ದಶಕದ ಆರಂಭದಿಂದ ಅಮ್ಮಾನ್ ನಗರಕ್ಕೆ ಅಲ್ಲಿಂದ ಭಾರೀ ಪ್ರಮಾಣದಲ್ಲಿ ನೀರು ಎತ್ತಲಾಯಿತು. ರೈತರೂ ಕೊಳವೆ ಬಾವಿ ಕೊರೆದರು, ಅನೇಕರು ಪರವಾನಗಿ ಇಲ್ಲದೆ. 1992ರ ಹೊತ್ತಿಗೆ ಬುಗ್ಗೆಗಳು ಬತ್ತಿದವು. ಈಗ ಉಳಿದಿರುವ ಸಣ್ಣ ತೇವಭೂಮಿಗೂ ಪಂಪಿನಿಂದಲೇ ನೀರು ಬಿಡಬೇಕು.

ಇಂತಹ ಊರಿಗೆ ದೂರದ ವಿಶ್ವವಿದ್ಯಾಲಯವೊಂದರಿಂದ ಅಂತರ್ಜಲ ಅಧ್ಯಯನಕ್ಕೆ ಬಂದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಕೈಯಲ್ಲಿ ಉದ್ದನೆಯ ಅಳತೆ ಟೇಪು. ಅದರ ತುದಿ ನೀರು ಮುಟ್ಟಿದೊಡನೆ ಮೇಲೆ ಬೀಪ್ ಎಂಬ ಸದ್ದು ಬರುತ್ತದೆ. ಆದರೆ ಪಂಪ್ ಓಡುತ್ತಿರುವಾಗ ಬಾವಿಯ ನೀರು ಕೆಳಕ್ಕಿಳಿದಿರುತ್ತದೆ. ನಿಜವಾದ ಮಟ್ಟ ತಿಳಿಯಬೇಕಾದರೆ ಪಂಪ್ ನಿಲ್ಲಿಸಿ ಕಾಯಬೇಕು. ಬೆಳೆಗೆ ನೀರು ಹಾಯಿಸುವ ಹೊತ್ತಿನಲ್ಲಿ ರೈತ ಪಂಪ್ ನಿಲ್ಲಿಸುತ್ತಾನೆ, ಅತಿಥಿಗೆ ಚಹಾ ಕೊಡುತ್ತಾನೆ, ಯಾವ ವರ್ಷ ಎಷ್ಟು ಆಳಕ್ಕೆ ಕೊರೆಸಿದೆ ಎಂಬುದನ್ನೂ ಹೇಳುತ್ತಾನೆ. ಆ ಬಾವಿಗೆ ಪರವಾನಗಿ ಇಲ್ಲದಿದ್ದರೆ?

ಪ್ರಶ್ನೆ ಹುಟ್ಟುವುದು ಇಲ್ಲಿ. ಜೋರ್ಡಾನ್ 2002ರ ನಿಯಮದಲ್ಲಿ ಕೃಷಿ ಬಾವಿಗಳ ನೀರಿಗೂ ಶುಲ್ಕ ವಿಧಿಸಿತು. 2013ರಿಂದ ಅಕ್ರಮ ಬಾವಿಗಳನ್ನು ಮುಚ್ಚಿಸುವ ಕಾರ್ಯಾಚರಣೆಯೂ ಆರಂಭವಾಯಿತು. ಬಾವಿ ಇರುವ ಜಾಗವನ್ನು ಪ್ರಬಂಧದ ನಕ್ಷೆಯಲ್ಲಿ ಗುರುತಿಸಿದರೆ, ಚಹಾ ಕೊಟ್ಟವನ ಅನ್ನಕ್ಕೇ ಕಲ್ಲು ಬೀಳಬಹುದು. ನಂಬಿ ಹೇಳಿದ ಮಾತು ಅಮಾನತ್ ಎಂಬುದನ್ನು ನಾವು ಬಲ್ಲೆವು. ಅದನ್ನು ಪದವಿಗಾಗಿ ಖರ್ಚು ಮಾಡುವ ಅಧಿಕಾರ ಅತಿಥಿಗಿಲ್ಲ.

ಹಾಗೆಂದು ಬಾಯಿ ಮುಚ್ಚಿಕೊಂಡಿರುವುದು ಸರಿಯೇ? ನೆಲದಡಿಯ ನೀರಿಗೆ ಬೇಲಿಯಿಲ್ಲ. ಇವನ ಪಂಪ್ ಎಳೆದದ್ದು ನೆರೆಯವನ ಪಾಲು ಕೂಡ. ಅಝ್ರಕ್‌ನ ಉಪ್ಪು ಬಯಲಿನ ಸಮೀಪ ಅತಿಯಾಗಿ ಎತ್ತಿದರೆ ಸಿಹಿನೀರಿನ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಇಸ್ಲಾಮೀ ಕಾನೂನು ಕೂಡ ಬಾವಿಯನ್ನು ಅಗೆದವನ ಮರ್ಜಿಗೆ ಬಿಟ್ಟುಕೊಟ್ಟಿಲ್ಲ. ಪ್ರತಿ ಬಾವಿಯ ಸುತ್ತಲೂ 'ಹರೀಮ್' ಎಂಬ ರಕ್ಷಿತ ವಲಯವಿದೆ. ಹಳೆಯ ಬಾವಿ ಬತ್ತುವಂತೆ ಅದರೊಳಗೆ ಹೊಸದನ್ನು ತೋಡುವಂತಿಲ್ಲ. ಆದ್ದರಿಂದ ನೀರು ಎಷ್ಟು ಇಳಿದಿದೆ ಎಂಬ ಲೆಕ್ಕ ಎಲ್ಲರಿಗೂ ಸೇರಿದ್ದು. ಬಾವಿ ಯಾರದು, ಎಲ್ಲಿದೆ ಎಂಬುದು ಮಾತ್ರ ಆತಿಥ್ಯ ನೀಡಿದವನಿಗೆ ಸೇರಿದ್ದು. ಜಾಗ ಮಸುಕಾದರೆ ವಿಜ್ಞಾನಕ್ಕೆ ಒಂದಿಷ್ಟು ನಷ್ಟವಿದೆ, ನಿಜ. ಆ ನಷ್ಟವನ್ನು ಪ್ರಬಂಧ ಹೊರಲಿ, ರೈತ ಬೇಡ. ಅಷ್ಟಕ್ಕೂ ನಗರಕ್ಕೆ ನೀರೆತ್ತಿದ ಸರಕಾರಿ ಬಾವಿಗಳ ವಿಳಾಸ ಯಾರಿಂದಲೂ ಬಚ್ಚಿಟ್ಟದ್ದಲ್ಲ. ಬುಗ್ಗೆ ಬತ್ತಿಸಿದ ಅಪವಾದ ಮಾತ್ರ ರೈತನ ತಲೆಗೇ ಬೇಗ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ಟೇಪು ಬಾವಿಗಿಳಿಯುವ ಮೊದಲೇ ಅವನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು. ಬೇಡ ಎನ್ನುವ ಹಕ್ಕು ಅವನಿಗಿದೆ ಎಂಬುದನ್ನೂ. ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಸಾಲವಿದೆ. ಟೇಪು ಮೇಲೆ ಬಂದಾಗ ರೈತ ಕೇಳುವುದು ಒಂದೇ ಮಾತು: "ಎಷ್ಟಿದೆ?" ಸಂಖ್ಯೆ ಪುಸ್ತಕಕ್ಕೆ ಸೇರುತ್ತದೆ, ಪ್ರಬಂಧ ಪರದೇಶದ ಗ್ರಂಥಾಲಯ ಸೇರುತ್ತದೆ. ಮರುವರ್ಷ ಪಂಪನ್ನು ಎಷ್ಟು ಕೆಳಗಿಳಿಸಬೇಕೆಂದು ಆತ ಅಂದಾಜಿನ ಮೇಲೆಯೇ ತೀರ್ಮಾನಿಸುತ್ತಾನೆ.